ನಿಂಬೆಹಣ್ಣಿನ ಮೇಲೆ ಹಾಯ್ದ ಪಿಯಾನೊ

“ಈ ಪಿಯಾನೊಗೆ ವಿಭೂತಿ ಹಚ್ಚಿದ್ದು ಯಾರು?”

ಸಂಗಮೇಶ್ ಕೇಳಿದ್ದು ಗೋಡೆಗೆ. ಆಯುಧಪೂಜೆಯ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಅವನ ಹೊರತು ನರಪಿಳ್ಳೆ ಇರಲಿಲ್ಲ. ಇದ್ದದ್ದು ಒಂದು ಕೇರಂ ಬೋರ್ಡು, ಗಾಳಿ ಹೋದ ಯೋಗದ ಚೆಂಡು, ಮತ್ತು ಏನು ನಡೆಯುತ್ತಿದೆಯೆಂದು ತಿಳಿಯದೆ ಹಸೆಮಣೆ ಏರಿದ ಮದುಮಗನ ಹಾಗೆ ನಿಂತಿದ್ದ ಆ ಕರಿಯ ಪಿಯಾನೊ. ಅದರ ಹಣೆಗೆ ಮೂರೆಳೆ ವಿಭೂತಿ, ನಡುವೆ ದುಂಡಗೆ ಕುಂಕುಮ. ಕೊರಳಿದ್ದಿರಬಹುದಾದ ಜಾಗಕ್ಕೆ ಚೆಂಡುಹೂವಿನ ಹಾರ. ಎರಡೂ ಪಕ್ಕಕ್ಕೆ ಬಾಳೆಕಂದು. ಮುಚ್ಚಳಕ್ಕೆ ಬೀಗ.

ಸಂಗಮೇಶ್ ಬೀಗವನ್ನು ಎಳೆದು ನೋಡಿದ.

ಸಿಂಗಸಂದ್ರದ ಆ ಅಪಾರ್ಟ್‌ಮೆಂಟಿಗೆ ಪಿಯಾನೊ ಬಂದದ್ದು ಜರ್ಮನಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಬಂದಿದ್ದ ಬಾಡಿಗೆದಾರನೊಬ್ಬನಿಂದ. ಹೋಗುವಾಗ ಅವನು ಅದನ್ನು ಹೊತ್ತೊಯ್ಯಲಾರದೆ ಕ್ಲಬ್‌ಹೌಸಿಗೆ ಬಿಟ್ಟು ಹೋದ. ಅಂದಿನಿಂದ ಅದು ಶ್ರೀರಾಮನವಮಿಗೆ ಕೋಸಂಬರಿಯ ಪಾತ್ರೆ ಇಡುವ ಮೇಜಾಗಿ, ಹೊಸ ವರ್ಷಕ್ಕೆ ಕೇಕಿನ ಮೇಜಾಗಿ ಸೇವೆ ಸಲ್ಲಿಸಿತ್ತು. ಈಗ ಜಾಗ ಸಾಲದೆಂದು ಅಸೋಸಿಯೇಷನ್ನಿನವರು ಅದನ್ನು ಜಿಗಣಿಯ ಒಂದು ಶಾಲೆಗೆ ಕೊಟ್ಟುಬಿಡಲು ತೀರ್ಮಾನಿಸಿದ್ದರು. ಮರುದಿನ ನಸುಕಿಗೇ ಟೆಂಪೊ ಬರುವುದಿತ್ತು. ಸಾಗಿಸಲು ಸುಲಭವಾಗಲೆಂದು ಅಪಾರ್ಟ್‌ಮೆಂಟಿನ ರಿಪೇರಿ ಕೆಲಸದ ಮುತ್ತಣ್ಣ ಹಿಂದಿನ ದಿನವೇ ಅದನ್ನು ನಾಲ್ಕು ಗಾಲಿಯ ಹಲಗೆಯೊಂದರ ಮೇಲೆ ಏರಿಸಿ ಇಟ್ಟಿದ್ದ.

ಸಂಗಮೇಶನಿಗೆ ಪಿಯಾನೊದಿಂದ ಆಗಬೇಕಾದದ್ದು ಒಂದೇ ಒಂದು ಸ್ವರ.

ಅವನು ಹರಿಹರದ ಕಡೆಯವನು. ಜಿಗಣಿಯ ವಾಲ್ವ್ ಫ್ಯಾಕ್ಟರಿಯೊಂದರಲ್ಲಿ ಗುಣಮಟ್ಟ ನೋಡುವ ಕೆಲಸ. ಅವನ ಅಜ್ಜ ಶ್ರಾವಣವಿಡೀ ಗುಡಿಯಲ್ಲಿ ಪುರಾಣ ಓದುತ್ತಿದ್ದ. ಪದ್ಯವನ್ನು ಎಳೆಎಳೆಯಾಗಿ ಬಿಡಿಸಿ, ಕೊನೆಯ ಪದಕ್ಕೆ ಮುಂಚೆ ಅಜ್ಜ ಸುಮ್ಮನೆ ನಿಂತುಬಿಡುತ್ತಿದ್ದ. ಇಡೀ ಗುಡಿ ಉಸಿರು ಹಿಡಿಯುತ್ತಿತ್ತು. ಕೆಮ್ಮು ಬಂದವನು ಟವೆಲು ಬಾಯಿಗೆ ತುರುಕಿಕೊಳ್ಳುತ್ತಿದ್ದ. ಆಮೇಲೆ ಆ ಪದ ಬರುತ್ತಿತ್ತು, ಬಾವಿಗೆ ಬಿಟ್ಟ ಕೊಡ ನೀರು ಮುಟ್ಟಿದ ಹಾಗೆ. ಅದನ್ನು ಕೇಳಿ ಬೆಳೆದವನಿಗೆ ಇನ್ನೇನು ಕೇಳಿದರೂ ಅವಸರವೆನಿಸುತ್ತಿತ್ತು.

ಹೀಗಿರುವಾಗ ಒಂದು ದಿನ ಕಂಪನಿಯ ಬಸ್ಸಿನಲ್ಲಿ, ಮೊಬೈಲಿನೊಳಗಿಂದ, ಅವನಿಗೆ ಒಂದು ನಾಕ್ಟರ್ನ್ ಸಿಕ್ಕಿತು. ನಾಕ್ಟರ್ನ್ ಎಂದರೆ ಒಂಟಿ ಪಿಯಾನೊ ನುಡಿಯುವ ರಾತ್ರಿಯ ರಾಗ. ಇನ್ನೂರು ವರ್ಷದ ಹತ್ತಿರ ಹಿಂದೆ ಯೂರೋಪಿನ ಸಂಗೀತಗಾರನೊಬ್ಬ, ಎದೆಯ ಕಾಯಿಲೆ ಬಲಿತು, ತನಗಿನ್ನು ಹೆಚ್ಚು ದಿನವಿಲ್ಲವೆಂದು ತಿಳಿದ ಮೇಲೆ ಬರೆದದ್ದು. ಅದರಲ್ಲಿ ಆರ್ಭಟವಿಲ್ಲ, ದೂರಿಲ್ಲ. ದೀಪ ಸಣ್ಣದು ಮಾಡಿ ಮನೆಯವರನ್ನು ಎಬ್ಬಿಸದೆ ಬಾಗಿಲು ತೆರೆಯುವವನ ನಡಿಗೆ. ಕೊನೆಗೆ, ಎಲ್ಲ ಮುಗಿಯಿತು ಎನ್ನುವಾಗ, ಒಂದು ದೀರ್ಘ ಮೌನ. ಆ ಮೌನದ ಆಚೆಗೆ, ತೀರ ತಗ್ಗಿನಲ್ಲಿ, ಒಂದೇ ಸ್ವರ. ಬಸ್ಸು ಬೊಮ್ಮಸಂದ್ರದ ಸಿಗ್ನಲ್ಲಿನಲ್ಲಿ ನಿಂತಿತ್ತು. ಸಂಗಮೇಶನಿಗೆ ಅಜ್ಜನ ಕೊಡ ನೀರು ಮುಟ್ಟಿದ್ದು ಕೇಳಿಸಿತು.

ಅವನು ಆನ್‌ಲೈನಿನಲ್ಲಿ ಒಂದು ಸಣ್ಣ ಕೀಬೋರ್ಡು ತರಿಸಿದ. ವಿಡಿಯೊ ನೋಡಿ ನೋಡಿ, ವರ್ಷಕ್ಕೂ ಮಿಕ್ಕಿ, ಒಂದೇ ರಾಗವನ್ನು ಕಲಿತ. ಆದರೆ ಎಡಕ್ಕೆ ಸರಿದಷ್ಟೂ ಸ್ವರ ತಗ್ಗುವ ಆ ಕೀಬೋರ್ಡಿನ ಎಡತುದಿ ಮುಗಿದಲ್ಲಿ ಆ ಕೊನೆಯ ಸ್ವರ ಇನ್ನೂ ಶುರುವೇ ಆಗಿರಲಿಲ್ಲ. ನಡುವೆ ಬರುವ ತಗ್ಗಿನ ಸ್ವರಗಳನ್ನು ಹೇಗೋ ಮೇಲಕ್ಕೆ ಎತ್ತಿ ಹೊಂದಿಸಿಕೊಂಡ. ಕೊನೆಯದನ್ನು ಎತ್ತಲು ಮಾತ್ರ ಮನಸ್ಸು ಬರಲಿಲ್ಲ. ಆ ಸ್ವರ ಇರಬೇಕಾದ ಜಾಗದಲ್ಲಿ ಟೇಬಲ್ಲಿತ್ತು. ಕಿರುಬೆರಳಿನಿಂದ ಅದನ್ನೇ ಒತ್ತುತ್ತಿದ್ದ. ಟೇಬಲ್ಲು ‘ಟಕ್’ ಎನ್ನುತ್ತಿತ್ತು.

“ಅಲ್ರೀ, ಅಷ್ಟೊತ್ತು ಚೆನ್ನಾಗಿ ಬಾರಿಸಿ ಕೊನೇಲಿ ಯಾಕೆ ಟೇಬಲ್ ಕುಟ್ತೀರಾ? ಯಾರನ್ನ ಕರೀತೀರಾ?” ಎಂದು ಹೆಂಡತಿ ಸುಮಂಗಲಾ ಕೇಳುತ್ತಿದ್ದಳು.

ಕ್ಲಬ್‌ಹೌಸಿಗೆ ಹೋಗಿ ಆ ಒಂದು ಸ್ವರವನ್ನು ಯಾವಾಗ ಬೇಕಾದರೂ ಒತ್ತಿ ನೋಡಬಹುದಿತ್ತು. ಆದರೆ ಅದು ಪುರಾಣ ಕೇಳದೆ ಪ್ರಸಾದಕ್ಕೆ ಮಾತ್ರ ಬಂದವನ ಕೆಲಸವಾಗುತ್ತಿತ್ತು. ಪೂರ್ತಿ ನುಡಿಸಿ ಅಲ್ಲಿಗೆ ತಲುಪಬೇಕು. ಎಡಗೈ ಇನ್ನೂ ಸ್ವಲ್ಪ ಪಳಗಲಿ, ಇನ್ನೂ ಸ್ವಲ್ಪ ಪಳಗಲಿ ಎಂದು ತಿಂಗಳುಗಳನ್ನು ನೂಕಿದ್ದ. ನೂಕುತ್ತಾ ನೂಕುತ್ತಾ ಇವತ್ತಿಗೆ ಬಂದು ನಿಂತಿದ್ದ. ಇವತ್ತು ಬಿಟ್ಟರೆ ಇಲ್ಲ.

“ನಾನೇ ಕಣಪ್ಪ ಹಚ್ಚಿದ್ದು. ಲಕ್ಷಣವಾಗಿ ಕಾಣ್ತಿಲ್ವಾ?”

ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವರು ಮೊದಲನೆಯ ಮಹಡಿಯ ಕಮಲಮ್ಮ. ಅಪಾರ್ಟ್‌ಮೆಂಟಿನ ಎಲ್ಲ ಪೂಜೆಗಳ ಯಜಮಾನಿಕೆ ಅವರದು. ಕ್ಲಬ್‌ಹೌಸಿನ ಬೀಗದ ಕೈಗಳೂ ಅವರ ಸೊಂಟದಲ್ಲೇ. ಭಕ್ತಿಯಲ್ಲಿ ಅವರಿಗೆ ಕೊರತೆಯಿರಲಿಲ್ಲ. ಆದರೆ ಮೌನ ಮಾತ್ರ ಅವರಿಗೆ ಆಗಿಬರುತ್ತಿರಲಿಲ್ಲ. ಪೂಜೆಯವರು ಮಂತ್ರದ ನಡುವೆ ಉಸಿರೆಳೆದುಕೊಂಡರೂ ಸಾಕು, ಮುಗಿಯಿತೆಂದು ಗಂಟೆ ಬಾರಿಸಿಬಿಡುತ್ತಿದ್ದರು.

“ಕಮಲಮ್ಮನೋರೇ, ಇದರ ಕೀ ಒಂಚೂರು ಕೊಡ್ತೀರಾ? ಒಂದೇ ಒಂದು ಸಲ ನುಡಿಸಿ ವಾಪಸ್ ಕೊಟ್ಬಿಡ್ತೀನಿ.”

“ಅಯ್ಯೋ ಶಿವನೇ! ಪೂಜೆಗಿಟ್ಟ ವಾದ್ಯಾನ ಮುಟ್ತಾರಾ? ಪುಸ್ತಕ, ವೀಣೆ, ತಬಲ, ಯಾವುದೇ ಆಗ್ಲಿ, ಇವತ್ತು ಇಟ್ರೆ ನಾಳೆ ಮರುಪೂಜೆ ಆದ್ಮೇಲೇನೇ ತೆಗೆಯೋದು. ಲಿಂಗ ಕಟ್ಟಿದ ಮನೇಲಿ ಹುಟ್ಟಿದೋರು, ಇಷ್ಟೂ ಗೊತ್ತಿಲ್ವಾ?”

“ನಾಳೆ ಬೆಳಗಾಗೋಕೆ ಮುಂಚೇನೇ ಟೆಂಪೊ ಬರುತ್ತಲ್ಲ?”

“ಬರ್ಲಿ. ಮರುಪೂಜೆ ಆ ಸ್ಕೂಲ್‌ನೋರು ಮಾಡ್ಕೋತಾರೆ.”

ಸಂಗಮೇಶ್ ಕಿಟಕಿಯಾಚೆ ನೋಡಿದ. ಅಂಗಳದಲ್ಲಿ ಕಾರು, ಸ್ಕೂಟರುಗಳೆಲ್ಲ ಮೈತೊಳೆದುಕೊಂಡು ಹಾರ ಹಾಕಿಸಿಕೊಂಡು ಸಾಲಾಗಿ ನಿಂತಿದ್ದವು, ಅವನ ಹಳೆಯ ಕಾರೂ ಸೇರಿದಂತೆ. ಪೂಜೆ ಆದದ್ದೇ ಅವನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿ ಒಂದು ಸುತ್ತು ಓಡಿಸುತ್ತಾರೆ. ಅವು ಮರುಪೂಜೆಗೆ ಕಾಯಬೇಕಿಲ್ಲ. ಅವನ ಕಣ್ಣು ಅಲ್ಲಿಂದ ಹೊರಳಿ ಪಿಯಾನೊದ ಕೆಳಗಿನ ಹಲಗೆಗೆ ಬಂತು. ನಾಲ್ಕು ಗಾಲಿ.

“ಇದು ವಾದ್ಯ ಅಲ್ಲ ಕಮಲಮ್ಮನೋರೇ. ವಾಹನ,” ಎಂದುಬಿಟ್ಟ.

“ಏನಂದ್ರಿ?”

“ಗಾಲಿ ಇದೆ ನೋಡಿ.”

“ಗಾಲಿ ನಮ್ಮನೆ ಸಿಲಿಂಡರ್ ಸ್ಟ್ಯಾಂಡಿಗೂ ಇದೆ.”

“ಅದಕ್ಕೆ ಪೆಡಲ್ ಇದೆಯಾ?”

ಕಮಲಮ್ಮ ಬಾಗಿ ನೋಡಿದರು. ಮೂರು ಹಿತ್ತಾಳೆಯ ಪೆಡಲುಗಳು ನಾಲಗೆ ಚಾಚಿಕೊಂಡಿದ್ದವು. ಇದು ತಮ್ಮ ಅಧಿಕಾರವನ್ನು ಮೀರಿದ ಮಾತೆಂದು ಅವರಿಗೆ ಅರ್ಥವಾಯಿತು. “ಸಿದ್ದರಾಮಪ್ಪನೋರನ್ನ ಕರೀತೀನಿ,” ಎಂದರು.

ಸಿದ್ದರಾಮಪ್ಪ ಅಸೋಸಿಯೇಷನ್ನಿನ ಅಧ್ಯಕ್ಷರು. ಅದಕ್ಕೂ ಮುಖ್ಯವಾಗಿ, ನಿವೃತ್ತ ಮೋಟಾರು ವಾಹನ ನಿರೀಕ್ಷಕರು. ಯಾವ ಲಾರಿ ರಸ್ತೆಗಿಳಿಯಲು ಯೋಗ್ಯ, ಯಾವುದು ಗುಜರಿಗೆ ಯೋಗ್ಯ ಎಂದು ಬಾಳೆಲ್ಲ ಹೇಳಿದ ಕಣ್ಣು. ಬಿಳಿಯ ಪಂಚೆಯ ಅಂಚು ಎತ್ತಿ ಹಿಡಿದು, ಪಿಯಾನೊವನ್ನು ಒಂದು ಸುತ್ತು ಹಾಕಿ, ಕಾಲಿನ ತುದಿಯಿಂದ ಗಾಲಿಗಳನ್ನು ಒದ್ದು ನೋಡಿದರು. ಹಿಂದೆಯೇ ಸುದ್ದಿ ತಿಳಿದು ಮುತ್ತಣ್ಣನೂ ಬಂದು ನಿಂತ.

“ಪೆಡಲ್ ಮೂರು. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು,” ಎಂದರು ಸಿದ್ದರಾಮಪ್ಪ. “ಸರಿಯಾಗೇ ಇದೆ.”

“ಸ್ಟೇರಿಂಗ್ ಇಲ್ಲಲ್ರೀ ಯಪ್ಪಾ?” ಎಂದ ಮುತ್ತಣ್ಣ.

“ರೈಲಿಗಿದೆಯೇನೋ ಸ್ಟೇರಿಂಗು?”

“ಇಂಜಿನ್ನರ ಬೇಕಲ್ರೀ.”

“ಎತ್ತಿನ ಗಾಡಿಗಿದೆಯಾ?”

ಸಿದ್ದರಾಮಪ್ಪ ಕೈ ಹಿಂದಕ್ಕೆ ಕಟ್ಟಿ ನಿಂತು ತೀರ್ಪು ಕೊಟ್ಟರು: “ವಾಹನವೇ. ಟ್ರೇಲರ್ ಜಾತಿ.”

“ಹಾಗಾದ್ರೆ ಪೂಜೆ ಆದ್ಮೇಲೆ ನಾನು ನುಡಿಸಬಹುದಲ್ವಾ ಸಾರ್?” ಎಂದ ಸಂಗಮೇಶ್.

“ವಾಹನ ಅಂದ್ಮೇಲೆ ಸುಮ್ನೆ ನಿಲ್ಲಿಸೋ ಹಾಗಿಲ್ಲ ರೀ. ನಿಂಬೆಹಣ್ಣು ಹಾಯಿಸಿ, ಒಂದು ರೌಂಡ್ ತಗೊಂಡು, ಆಮೇಲೆ ನಿಮಗೆ ಹೇಗೆ ಬೇಕೋ ಹಾಗೆ ಉಪಯೋಗಿಸಿ.”

ಕಮಲಮ್ಮ ಸೋಲಲಿಲ್ಲ. ವಾಹನವೆಂದಮೇಲೆ ಅದಕ್ಕೆ ಬೇರೆಯೇ ನಿಂಬೆಹಣ್ಣು ಬೇಕು, ಬೇರೆಯೇ ಬೂದುಗುಂಬಳ ಬೇಕು. ತಂದ ಹಣ್ಣೆಲ್ಲ ಕಾರುಗಳಿಗೆ ಲೆಕ್ಕವಾಗಿದೆ. ವಾಹನ ಎಂದವರೇ ತರಬೇಕು ಎಂದರು. ಸಂಗಮೇಶ್ ಹೊಸೂರು ರಸ್ತೆಗೆ ಓಡಿದ. ಹಬ್ಬದ ದಿನ ನಿಂಬೆಹಣ್ಣು ಹುಡುಕುವುದೆಂದರೆ ಜಾತ್ರೆಯಲ್ಲಿ ಚಪ್ಪಲಿ ಹುಡುಕಿದ ಹಾಗೆ. ಒಂದು ಅಂಗಡಿಯಲ್ಲಿ ಹಣ್ಣಿಲ್ಲ, ಒಂದರಲ್ಲಿ ಇದ್ದದ್ದು ಒಣಗಿ ಗೋಲಿಯಾಗಿತ್ತು. ಕೊನೆಗೆ ಕಬ್ಬಿನ ಹಾಲಿನ ಗಾಡಿಯವನನ್ನು ಅಂಗಲಾಚಿ, ಅವನು ಹಿಂಡಲೆಂದು ಇಟ್ಟಿದ್ದನ್ನೇ ಪಡೆದುಕೊಂಡ. ಕುಂಬಳಕಾಯಿಯೊಂದು ಸರ್ವಿಸ್ ರಸ್ತೆಯ ಕೊನೆಯಲ್ಲಿ ಸಿಕ್ಕಿತು. ಅದನ್ನು ಎದೆಗೆ ಅವುಚಿಕೊಂಡು ಬೆವರುತ್ತಾ ಗೇಟಿಗೆ ಬಂದಾಗ ಹೆರಿಗೆ ಆಸ್ಪತ್ರೆಯಿಂದ ಕೂಸು ತಂದವನ ಹಾಗೆ ಕಾಣುತ್ತಿದ್ದ.

“ನಮ್ಮ ಕಾರಿಗೆ ಆಗ್ಲೇ ಒಡೆದಾಯ್ತಲ್ರೀ. ಇದು ಯಾರಿಗೆ?” ಎಂದಳು ಸುಮಂಗಲಾ.

“ಪಿಯಾನೊಗೆ.”

ಸುಮಂಗಲಾ ಗಂಡನ ಮುಖ ನೋಡಿದಳು, ಕುಂಬಳಕಾಯಿ ನೋಡಿದಳು. ಎರಡರಲ್ಲಿ ಯಾವುದನ್ನು ಪ್ರಶ್ನಿಸಬೇಕೆಂದು ತೋಚದೆ ಜೊತೆಗೆ ನಡೆದಳು.

ಪೂಜೆ ಸಾಂಗವಾಗಿ ನಡೆಯಿತು. ನಂಬರ್ ಪ್ಲೇಟಿಗೆ ಕುಂಕುಮ ಇಡುವುದು ವಾಡಿಕೆಯಾದ್ದರಿಂದ, ಚಿನ್ನದ ಅಕ್ಷರದಲ್ಲಿ ತಯಾರಕರ ಹೆಸರಿದ್ದ ಕಡೆ ಕಮಲಮ್ಮ ಧಾರಾಳವಾಗಿ ಹಚ್ಚಿದರು. ಒಡೆಯಲು ಬಯಲು ಬೇಕೆಂದು ಕುಂಬಳಕಾಯಿಯನ್ನು ಕ್ಲಬ್‌ಹೌಸಿನ ಹೊರಗೆ, ಬೇಸ್‌ಮೆಂಟಿಗೆ ಇಳಿಯುವ ಇಳಿಜಾರಿನ ತಲೆಯಲ್ಲಿ ಒಡೆದರು. ಅದರ ತಿರುಳೆಲ್ಲ ಕುಂಕುಮದ ಜೊತೆ ಸೇರಿ ಸಿಮೆಂಟಿನ ಮೇಲೆ ಹರಡಿತು. ಆಮೇಲೆ ಗಾಲಿಗೊಂದರಂತೆ ನಿಂಬೆಹಣ್ಣು ಇಟ್ಟರು.

“ಮುತ್ತಣ್ಣಾ, ಮೆಲ್ಲಗೆ. ಒಂದಡಿ ಮುಂದೆ ಬಂದ್ರೆ ಸಾಕು,” ಎಂದ ಸಂಗಮೇಶ್.

“ಮೆಲ್ಲಕ ಅಂದ್ರ ಹಣ್ಣ ಒಡೆಯಂಗಿಲ್ರೀ ಸಾಹೇಬ್ರ. ಒಂದ ಏಟಿಗೇ ಹಾಯಬೇಕ್ರಿ.”

ಮುತ್ತಣ್ಣನೂ ಕಾವಲಿನವರಿಬ್ಬರೂ ಹರಹರ ಎಂದು ಭುಜ ಕೊಟ್ಟರು. ಮೊದಲ ನೂಕಿಗೆ ಪಿಯಾನೊ ಹಣ್ಣುಗಳ ಮೇಲೆ ಹತ್ತಿ ಆನೆಯ ಹಾಗೆ ತೂಗಿತು. ಎರಡನೆಯದಕ್ಕೆ ಹಣ್ಣುಗಳು ಪಚಕ್ಕೆಂದವು. ಮೂರನೆಯ ನೂಕು ಬೇಕಿರಲಿಲ್ಲ, ಆದರೂ ಕೊಟ್ಟರು. ಪಿಯಾನೊ ಬಾಗಿಲು ದಾಟಿತು, ಬಾಳೆಕಂದುಗಳನ್ನು ಎರಡೂ ಕಡೆ ಚೆಲ್ಲಿತು, ಕುಂಬಳಕಾಯಿಯ ತಿರುಳಿನ ಮೇಲೆ ಸರ್ರನೆ ಜಾರಿ, ಇಳಿಜಾರು ಹಿಡಿಯಿತು.

“ಬ್ರೇಕ್! ಬ್ರೇಕ್ ಒತ್ರೀ!” ಎಂದು ಸಿದ್ದರಾಮಪ್ಪ ಕೂಗಿದರು.

ಪಕ್ಕದಲ್ಲೇ ಓಡುತ್ತಿದ್ದ ಸಂಗಮೇಶನಿಗೆ ಅದು ಬ್ರೇಕಲ್ಲವೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಬಾಗಿ ನಡುವಿನ ಪೆಡಲನ್ನು ಕೈಯಿಂದ ಒತ್ತಿದ. ಪಿಯಾನೊದ ಒಳಗಿನ ತಗ್ಗಿನ ತಂತಿಗಳೆಲ್ಲ ಒಟ್ಟಿಗೆ ಹೂಂ ಎಂದವು. ಹೂಂಕರಿಸುತ್ತಲೇ ಅದು ಬೇಸ್‌ಮೆಂಟಿಗೆ ಇಳಿದು, ಅರ್ಧ ಸುತ್ತು ತಿರುಗಿ, ಕಂಬವೊಂದನ್ನು ಕೂದಲೆಳೆಯಲ್ಲಿ ತಪ್ಪಿಸಿ, ಖಾಲಿ ಇದ್ದ ಒಂದು ಪಾರ್ಕಿಂಗ್ ಜಾಗಕ್ಕೆ ನುಗ್ಗಿ, ಗೋಡೆಯ ರಬ್ಬರಿಗೆ ತಾಗಿ ನಿಂತುಕೊಂಡಿತು. ಗೋಡೆಯ ಮೇಲೆ ಬರೆದಿದ್ದ ನಂಬರು ಸಂಗಮೇಶನ ಮನೆಯದೇ.

ಓಡಿ ಬಂದ ಮುತ್ತಣ್ಣ ಹಳದಿ ಗೆರೆಗಳನ್ನು ನೋಡಿ ಬೆರಗಾದ. “ಯಪ್ಪಾ, ಪಾರ್ಕಿಂಗ್ ಅಂದ್ರ ಇದು ನೋಡ್ರಿ. ಡ್ರೈವರ್ ಇಲ್ದನೂ ಗೆರಿ ತುಳಿದಿಲ್ಲ.”

ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಹಬ್ಬಕ್ಕೆಂದು ಎಳೆದಿದ್ದ ಬಣ್ಣದ ದೀಪದ ಸರಗಳ ಭಾರ ತಡೆಯಲಾರದೆ ಫ್ಯೂಸು ಹಾರಿತ್ತು. ಬೇಸ್‌ಮೆಂಟು ಕತ್ತಲಾಯಿತು. ಮೇಲೆ ನಡುಹಗಲಿನ ಬಿಸಿಲು. ಕೆಳಗೆ, ರಾತ್ರಿಯ ರಾಗಕ್ಕೆ ಬೇಕಾದಷ್ಟು ರಾತ್ರಿ.

“ರೌಂಡ್ ಆಯ್ತಲ್ಲ ಸಾರ್. ಈಗ ನುಡಿಸಬಹುದಾ?” ಎಂದ ಸಂಗಮೇಶ್, ಏದುಸಿರು ಬಿಡುತ್ತಾ.

“ಆಡಿದ ಮಾತು. ಕೊಡಿ ಕಮಲಮ್ಮ ಕೀ,” ಎಂದರು ಸಿದ್ದರಾಮಪ್ಪ.

ಮುತ್ತಣ್ಣ ಪೇಂಟಿನ ಡಬ್ಬ ಎರಡನ್ನು ಒಂದರ ಮೇಲೊಂದು ಇಟ್ಟ. ಅದರ ಮೇಲೆ ಕುಳಿತು, ಸಂಗಮೇಶ್ ಮುಚ್ಚಳ ತೆರೆದು, ಕತ್ತಲಲ್ಲಿ ಬೆರಳುಗಳಿಗೆ ಜಾಗ ಹುಡುಕಿಕೊಂಡು, ಶುರು ಮಾಡಿದ.

ಶ್ರುತಿ ಅಲ್ಲಲ್ಲಿ ಸಡಿಲಿತ್ತು. ಎಂದೋ ಬಿದ್ದ ಕೋಸಂಬರಿಯ ಬೇಳೆಯೊಂದು ಸಿಕ್ಕಿಕೊಂಡು, ಬೆರಳಿನಿಂದ ಒತ್ತುವ ಮನೆಗಳಲ್ಲಿ ಒಂದು ಮೇಲೇಳಲು ಮೊದಮೊದಲು ಮೊಂಡುಹಿಡಿಯಿತು, ಆಮೇಲೆ ತಾನೇ ಸರಿಹೋಯಿತು. ಬೇಸ್‌ಮೆಂಟಿನ ಬೋಳು ಗೋಡೆಗಳು ಸ್ವರವನ್ನು ಹಿಡಿದು, ನಿಧಾನವಾಗಿ ಹಿಂದಿರುಗಿಸಿದವು. ಇಳಿಜಾರಿನಿಂದ ಜನ ಒಬ್ಬೊಬ್ಬರಾಗಿ ಇಳಿದು ಬಂದರು. ಪಿಯಾನೊ ಏನಾಯಿತೆಂದು ನೋಡಲು ಮೊಬೈಲಿನ ಬೆಳಕು ಹಿಡಿದು ಬಂದವರು ಬೆಳಕನ್ನು ಆರಿಸಿದರು. ಕಡಲೆಪುರಿ ತಿನ್ನುತ್ತಿದ್ದ ಮಕ್ಕಳು ಬಾಯಲ್ಲಿದ್ದುದನ್ನು ಅಗಿಯದೆ ನಿಂತವು. ಮುತ್ತಣ್ಣ ಕಂಬಕ್ಕೆ ಒರಗಿ ಕುಕ್ಕರಗಾಲಲ್ಲಿ ಕುಳಿತ. ಸಿದ್ದರಾಮಪ್ಪ ಕಣ್ಣು ಮುಚ್ಚಿದರು. ರಾಗ ತನ್ನ ಪಾಡಿಗೆ ತಾನು ನಡೆದು, ಒಮ್ಮೆ ನಿಂತು ಹಿಂತಿರುಗಿ ನೋಡಿ, ಮತ್ತೆ ನಡೆಯಿತು. ಎಡಗೈ ಒಮ್ಮೆಯೂ ಎಡವಲಿಲ್ಲ. ಅದು ಪಳಗಿ ಎಷ್ಟೋ ಕಾಲವಾಗಿತ್ತೆಂದು ಸಂಗಮೇಶನಿಗೆ ಆಗ ತಿಳಿಯಿತು.

ಹಾಗೆ ಅವನು ಆ ಮೌನದ ಅಂಚಿಗೆ ಬಂದ. ಎರಡೂ ಕೈ ಎತ್ತಿದ. ಎಡಗೈಯ ಕಿರುಬೆರಳು, ವರ್ಷವಿಡೀ ಟೇಬಲ್ಲು ಕುಟ್ಟಿದ ಬೆರಳು, ತಗ್ಗಿನ ಆ ಒಂದು ಬಿಳಿಯ ಮನೆಯ ಮೇಲೆ ಕೂದಲೆಳೆ ಎತ್ತರದಲ್ಲಿ ನಿಂತಿತು. ಯಾರೂ ಕೆಮ್ಮಲಿಲ್ಲ. ಅಜ್ಜನ ಗುಡಿ ತುಂಬಿತ್ತು. ಸಂಗಮೇಶ್ ಉಸಿರು ಹಿಡಿದ.

ಘಣ ಘಣ ಘಣ ಘಣ!

“ಮಂಗಳಾರತೀ!” ಎಂದು ಕೂಗಿ ಕಮಲಮ್ಮ ಕರ್ಪೂರ ಹಚ್ಚಿದರು. ಮುತ್ತಣ್ಣ ಗೋಡೆಗೆ ತೆಂಗಿನಕಾಯಿ ಅಪ್ಪಳಿಸಿದ. ಇಡೀ ಬೇಸ್‌ಮೆಂಟು ಹರಹರ ಮಹಾದೇವ ಎಂದಿತು. ಕರ್ಪೂರದ ಕಿಡಿ ಒಳಗೆ ಬಿದ್ದೀತೆಂದು ಕಮಲಮ್ಮ ಮುಚ್ಚಳವನ್ನು ದಡಾರನೆ ಹಾಕಿ ಬೀಗ ತಿರುಗಿಸಿದರು. ಕಿರುಬೆರಳು ಉಳಿದದ್ದೇ ಪುಣ್ಯ.

“ಇನ್ನೂ ಮುಗಿದಿಲ್ಲ! ಇನ್ನೂ ಒಂದಿದೆ!” ಎಂದು ಸಂಗಮೇಶ್ ಕೂಗಿದ್ದು ಗಂಟೆಯಲ್ಲಿ ಕರಗಿಹೋಯಿತು.

ಮೇಲೆ ಯಾರೋ ಫ್ಯೂಸು ಹಾಕಿದರು, ಕರೆಂಟು ಬಂತು. ಸಿದ್ದರಾಮಪ್ಪನವರ ಕೆನ್ನೆ ಒದ್ದೆಯಾಗಿತ್ತು. ಟವೆಲಿನಿಂದ ಒರೆಸಿಕೊಂಡು, ಪಿಯಾನೊದ ಮುಂದೆ ಬಂದು, ಚಪ್ಪಲಿ ಬಿಟ್ಟರು.

“ಸಂಗಮೇಶ್, ನನ್ನ ಸರ್ವೀಸಲ್ಲಿ ಒಂದೇ ಒಂದು ಗಾಡೀನೂ ತಪ್ಪಾಗಿ ಪಾಸ್ ಮಾಡಿರ್ಲಿಲ್ಲ. ಇವತ್ತು ಮಾಡ್ಬಿಟ್ಟೆ. ಇದು ವಾಹನ ಅಲ್ಲ.”

“ಮತ್ತೆ?”

“ಸಾಕ್ಷಾತ್ ಸರಸ್ವತಿ. ನಾವು ಆ ತಾಯೀನ ನಿಂಬೆಹಣ್ಣಿನ ಮೇಲೆ ಓಡಿಸಿದ್ವಲ್ರೀ!”

ಅಲ್ಲೇ ನಿಂತು ಜಿಗಣಿಯ ಶಾಲೆಗೆ ಫೋನು ಮಾಡಿ, ಪಿಯಾನೊ ಕೊಡುವುದಿಲ್ಲ, ಟೆಂಪೊ ಕಳಿಸಬೇಡಿ ಎಂದುಬಿಟ್ಟರು. ಸಂಗಮೇಶನಿಗೆ ನೆಲ ಕಾಲಡಿಯಲ್ಲಿ ಹಗುರಾಯಿತು. ಪಿಯಾನೊ ಇಲ್ಲೇ ಇರುತ್ತದೆ! ಇವತ್ತಲ್ಲದಿದ್ದರೆ ನಾಳೆ. ನಾಳೆಯಲ್ಲದಿದ್ದರೆ ದಿನಾ!

“ತುಂಬಾ ಒಳ್ಳೇದಾಯ್ತು ಸಾರ್. ಮತ್ತೆ ಮೇಲೆ ಕ್ಲಬ್‌ಹೌಸಿಗೆ...”

“ಮೇಲೆ ಯಾಕೆ? ಅಷ್ಟು ಜನ ನೂಕಿದ್ರೂ ಬೇರೆಲ್ಲೂ ನಿಲ್ದೆ ತಾನಾಗಿ ಬಂದು ನಿಂತ ಜಾಗ ಇದು. ಇಲ್ಲೇ ಪ್ರತಿಷ್ಠೆ.”

“ಇದು ನನ್ನ ಪಾರ್ಕಿಂಗ್ ಸಾರ್.”

“ಪುಣ್ಯವಂತರು ನೀವು.”

“ನನ್ನ ಕಾರು?”

“ರೋಡಲ್ಲಿ ನಿಲ್ಲಿಸಿ. ತಾಯಿ ಕಾಯ್ತಾಳೆ.”

ಸಂಗಮೇಶ್ ಕಾರನ್ನು ನುಂಗಿಕೊಂಡ. ಕಾರೇನು ಮಹಾ. “ಆಗ್ಲಿ ಸಾರ್. ಹಾಗಾದ್ರೆ ನಾಳೆ ಮರುಪೂಜೆ ಆದ್ಮೇಲೆ ನಾನು ಬಂದು ಒಂದ್ಸಲ...”

“ಮರುಪೂಜೆ ಪುಸ್ತಕಕ್ಕೆ, ತಬಲಕ್ಕೆ ಕಣ್ರೀ,” ಎಂದರು ಕಮಲಮ್ಮ, ಮುಚ್ಚಳದ ಸುತ್ತ ಅರಿಶಿನದ ದಾರ ಸುತ್ತುತ್ತಾ. “ಪ್ರತಿಷ್ಠೆ ಆದ ದೇವರನ್ನ ಎದುರಿಗೆ ಕೂತು ಬಾರಿಸ್ತಾರಾ ಯಾರಾದ್ರೂ?” ಪಿಯಾನೊದ ಕೀಯನ್ನು ಸೆರಗಿನ ತುದಿಗೆ ಹಾಕಿ ಗಂಟು ಬಿಗಿದರು.

ಸಂಗಮೇಶ್ ಆ ಗಂಟನ್ನು ನೋಡಿದ. ಆಮೇಲೆ ಸಿದ್ದರಾಮಪ್ಪನವರ ಕಡೆ ತಿರುಗಿ ಕೈ ಮುಗಿದ.

“ಸಾರ್, ಒಂದು ಸ್ವರ ಬಾಕಿ ಇದೆ. ಒಂದೇ ಒಂದು. ನಾನು ಕೂತ್ಕೊಳ್ಳೋದೂ ಇಲ್ಲ. ನಿಂತ್ಕೊಂಡೇ ಈ ಕಿರುಬೆರಳಲ್ಲಿ ಹೀಗೆ ಮುಟ್ಟಿ ಬಿಟ್ಬಿಡ್ತೀನಿ.”

“ಹೌದು ಸಾರ್,” ಎಂದಳು ಸುಮಂಗಲಾ, ಗಂಡನ ಮುಖ ನೋಡಲಾರದೆ. “ಕೊನೇಲಿ ಟೇಬಲ್ ಕುಟ್ಟೋದು ಬಾಕಿ ಇದೆ.”

ಸ್ವರಕ್ಕೂ ಟೇಬಲ್ಲಿಗೂ ಏನು ಸಂಬಂಧವೆಂದು ಯಾರಿಗೂ ತಿಳಿಯಲಿಲ್ಲ. ಸಿದ್ದರಾಮಪ್ಪ ಮಾತ್ರ ಆ ಕಿರುಬೆರಳನ್ನು, ಹಳೆಯ ಲಾರಿಯ ಅಚ್ಚನ್ನು ನೋಡುವವರ ಹಾಗೆ, ತುಂಬಾ ಹೊತ್ತು ನೋಡಿದರು. ಅವರ ಕಣ್ಣು ಇನ್ನೂ ಒದ್ದೆಯಾಗಿಯೇ ಇತ್ತು.

“ಸುಮಾರಾಗಿ ನುಡಿಸಿದ್ದಿದ್ರೆ ವಾಹನ ಅಂತಾನೇ ಬಿಟ್ಬಿಡ್ತಿದ್ದೆ ಸಂಗಮೇಶ್,” ಎಂದರು. “ಈಗ ಆಗಲ್ಲ.”